ದಾಳಿಂಬೆ ತೋಟದಲ್ಲಿ ಅತ್ತೆಯ ಜೋಗುಳ

ನಮ್ಮ ಮನೆಯ ಸಂಗೀತಕ್ಕೆ ಶನಿ ವಕ್ರಿಸಿದ್ದು ಯುಗಾದಿಯ ಹಿಂದಿನ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಗಳಿಗೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆಗ ನಾನು ಸ್ಟೂಲಿನ ಮೇಲೆ ನಿಂತು ಗೋಡೆ ಗಡಿಯಾರದ ಧೂಳು ಒರೆಸುತ್ತಿದ್ದೆ. ಕೆಳಗೆ ನನ್ನ ಹೆಂಡತಿ ಗಿರಿಜಾ ಹಬ್ಬದ ಸ್ವಚ್ಛತೆಗೆಂದು ಬೀರುವಿನ ಬಾಗಿಲು ತೆಗೆದಳು. ತೆಗೆದದ್ದೇ ತಡ, ನಾನು ಮದುವೆಗೂ ಮುಂಚಿನಿಂದ ಕೂಡಿಟ್ಟ ಸೀಡಿಗಳೆಲ್ಲ ಜಾರುಬಂಡೆ ಇಳಿದ ಮಕ್ಕಳ ಹಾಗೆ ಬಂದು ಅವಳ ಕಾಲ ಮೇಲೆ ಬಿದ್ದವು.

ಅವಳು ಕೂಗಲಿಲ್ಲ. ಅದೇ ಅಪಾಯದ ಸೂಚನೆ.

“ಈ ಮನೆಯಾಗೆ ನಾನಿರ್ಬೇಕೋ, ಇವು ಇರ್ಬೇಕೋ, ಹೇಳ್ರಿ,” ಅಂದಳು.

ನಾನು ಸ್ವಲ್ಪ ಯೋಚಿಸಿದೆ. ಯೋಚಿಸಿದ್ದೇ ತಪ್ಪಾಯಿತು!

ನಾನು ಹೊಸದುರ್ಗದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಶಬ್ದ ಹೇಗೆ ಹುಟ್ಟುತ್ತದೆ, ಹೇಗೆ ಚಲಿಸುತ್ತದೆ, ಎಲ್ಲಿ ತಾಗಿ ಹಿಂದಿರುಗುತ್ತದೆ ಎಂದು ಪ್ರತಿವರ್ಷ ಪಾಠ ಮಾಡುತ್ತೇನೆ. ಆ ಶಬ್ದ ಕೇಳುತ್ತಲೇ ಹುಡುಗರು ತೂಕಡಿಸುತ್ತಾರೆ. ಹಾಗಾಗಿ ಹಾಡನ್ನು ಸೀಡಿಯಲ್ಲಿ ಕೇಳಬೇಕೋ, ಮೊಬೈಲಿನ ಸ್ಟ್ರೀಮಿಂಗಿನಲ್ಲಿ ಕೇಳಬೇಕೋ ಎಂಬ ಪ್ರಶ್ನೆ ಎದ್ದಾಗ ತೀರ್ಪು ಕೊಡುವ ಅಧಿಕಾರ ನನಗೊಬ್ಬನಿಗೇ ಇದೆ ಎಂದು ನಾನು ನಂಬಿದ್ದು ಸಹಜ. ಮನೆಯ ಮಿಕ್ಕವರು ಹಾಗೆ ನಂಬದೆ ಇದ್ದದ್ದೂ ಅಷ್ಟೇ ಸಹಜ.

ಸೀಡಿಯ ಪರವಾಗಿ ನಾನು ಸ್ಟೂಲಿನ ಮೇಲಿಂದಲೇ ವಾದ ಮಂಡಿಸಿದೆ. ಸೀಡಿಗೆ ಸಿಗ್ನಲ್ ಬೇಡ, ನಡುವೆ ಜಾಹೀರಾತಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಅದರ ನಾದಕ್ಕೆ ಒಂದು ತೂಕ ಇದೆ ಅಂದೆ. ತೂಕ ಎಷ್ಟಿದೆ ಎಂಬುದು ತನ್ನ ಕಾಲ ಹೆಬ್ಬೆರಳಿಗೆ ಈಗಷ್ಟೇ ಗೊತ್ತಾಗಿದೆ ಎಂದು ಗಿರಿಜಾ ಉತ್ತರಿಸಿದಳು. ಪಿಯುಸಿ ಓದುವ ಮಗಳು ಚಂದನಾ ಮಾತ್ರ ಶಾಂತವಾಗಿ, ಪ್ರಯೋಗ ಮಾಡಿ ನೋಡೋಣ ಅಂದಳು. ಪ್ರಯೋಗ ಎಂಬ ಮಾತು ಕೇಳಿದ ಮೇಲೆ ಭೌತಶಾಸ್ತ್ರದವನು ಹಿಂದೆ ಸರಿಯುವಂತಿಲ್ಲ.

ನನ್ನ ಕಣ್ಣಿಗೆ ಟವೆಲ್ ಕಟ್ಟಿದರು. ಒಂದೇ ಹಾಡನ್ನು ಒಮ್ಮೆ ಸೀಡಿ ಪ್ಲೇಯರಿನಲ್ಲಿ, ಒಮ್ಮೆ ಮೊಬೈಲಿನಿಂದ, ಎರಡನ್ನೂ ಅದೇ ದೊಡ್ಡ ಸ್ಪೀಕರಿಗೆ ಸಿಕ್ಕಿಸಿ ಹಾಕಿದರು. ಮೊದಲನೆಯದಕ್ಕೆ ನಾನು ಮುಖ ಸಿಂಡರಿಸಿದೆ. ನೋಡಿ, ಇದೇ ಸ್ಟ್ರೀಮಿಂಗ್, ಸತ್ವವೇ ಇಲ್ಲ, ಗಂಜಿ ಬಸಿದ ಅನ್ನ ಇದ್ದ ಹಾಗಿದೆ ಅಂದೆ. ಎರಡನೆಯದು ಶುರುವಾದ ಕೂಡಲೇ ತಲೆದೂಗಿ, ಆಹಾ, ಸೀಡಿ ಅಂದರೆ ಸೀಡಿ ಎಂದು ಎರಡೂ ಕೈ ಮೇಲೆತ್ತಿದೆ. ಟವೆಲ್ ಬಿಚ್ಚಿದರೆ ಸ್ಪೀಕರಿನ ವೈರು ಮೊಬೈಲಿಗೆ ಚುಚ್ಚಿಕೊಂಡಿತ್ತು!

ಸೋತ ಮನುಷ್ಯನಿಗೆ ಎರಡು ದಾರಿ. ಒಂದು, ಸುಮ್ಮನಿರುವುದು. ಇನ್ನೊಂದು, ಗೆದ್ದವರಿಗಿಂತ ಜೋರಾಗಿ ಅವರ ಬಾವುಟ ಹಿಡಿಯುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಇಂದಿನಿಂದ ಈ ಮನೆಯಲ್ಲಿ ಸೀಡಿ ಯುಗ ಮುಗಿಯಿತು, ಯಾರಿಗೆ ಬೇಕೋ ಅವರು ತೆಗೆದುಕೊಂಡು ಹೋಗಲಿ ಎಂದು ಘೋಷಿಸಿದೆ. ಘೋಷಣೆಗೆ ಕಾದಿದ್ದವನಂತೆ ಬಾಗಿಲಲ್ಲಿ ನನ್ನ ಭಾಮೈದ ಬಸಣ್ಣ ನಿಂತಿದ್ದ.

ಬಸಣ್ಣ ಗಿರಿಜಾಳ ತಮ್ಮ. ಶ್ರೀರಾಂಪುರದ ಹತ್ತಿರ ಗುಡ್ಡದ ಬುಡದಲ್ಲಿ ದಾಳಿಂಬೆ ತೋಟ ಮಾಡಿದ್ದಾನೆ. ಅವತ್ತು ಹಬ್ಬಕ್ಕೆ ಕರೆಯಲು ಬಂದಿದ್ದವನು ನೆಲದ ಮೇಲಿನ ರಾಶಿ ನೋಡಿ ಹಬ್ಬವನ್ನೇ ಮರೆತ. ನಮ್ಮ ಕಡೆ ತೋಟದವರಿಗೆ ಸೀಡಿ ಎಂದರೆ ಹಾಡಲ್ಲ, ಗಿಣಿ ಓಡಿಸುವ ಆಯುಧ. ದಾರ ಪೋಣಿಸಿ ಸಾಲಿನುದ್ದಕ್ಕೂ ಕಟ್ಟಿದರೆ ಗಾಳಿಗೆ ಗಿರ್ರನೆ ತಿರುಗಿ ಬಿಸಿಲನ್ನು ಗಿಣಿಯ ಕಣ್ಣಿಗೇ ಎರಚುತ್ತದೆ. ಆದರೆ ಎಲ್ಲರೂ ಮೊಬೈಲಿಗೆ ಬಿದ್ದ ಮೇಲೆ ಕಟ್ಟಲು ಸೀಡಿ ಸಿಗುವುದೇ ಕಷ್ಟವಾಗಿತ್ತು.

“ಭಾವ, ಗಿಣಿ ಹಣ್ಣಿನಾಗೆ ಬರೇ ಕಾಳು ತಿಂದು ಸಿಪ್ಪೆ ನನಗೆ ಬಿಡ್ತಾವೆ. ಇವನ್ನ ಕೊಡ್ರಿ, ನಿಮ್ಮ ಹೆಸರೇಳಿ ಕಟ್ತೀನಿ,” ಅಂದ.

ಒಂದು ಸಲ ನೋಡಿ ಕೊಡಿ ಎಂದು ಗಿರಿಜಾ ಎಚ್ಚರಿಸಿದಳು. ನೋಡುವುದೇನಿದೆ, ಒಂದೊಂದನ್ನೂ ನಾನೇ ಕೈಯಾರೆ ಜೋಡಿಸಿದ್ದು ಎಂದೆ. ಚೀಲದ ಬಾಯಿ ನಾನೇ ಕಟ್ಟಿಕೊಟ್ಟೆ. ಬೈಕಿನ ಹಿಂದೆ ಹೋಗುತ್ತಿದ್ದ ನನ್ನ ಸಂಗೀತಕ್ಕೆ ಕೈಯೂ ಬೀಸಿದೆ.

ಆಮೇಲಿನ ಕೆಲವು ವಾರ ಸ್ವರ್ಗ. ಜಗತ್ತಿನ ಹಾಡೆಲ್ಲ ಅಂಗೈಯಲ್ಲಿ! ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಸ್ಟ್ರೀಮಿಂಗಿನ ಪ್ರಚಾರಕನಾದೆ. ಇನ್ನೂ ಸೀಡಿ ಇಟ್ಟುಕೊಂಡವರನ್ನು ಕಂಡರೆ, ಒಲೆಗೆ ಕಟ್ಟಿಗೆ ಒಟ್ಟುವವರನ್ನು ಗ್ಯಾಸಿನವರು ನೋಡುವ ಹಾಗೆ ನೋಡುತ್ತಿದ್ದೆ.

ಆಗ ಬಸಣ್ಣನ ಫೋನ್ ಬಂತು. ಹೆಂಡತಿಯ ಬಾಣಂತನ ಮುಗಿದಿತ್ತು, ಧರ್ಮಪುರದ ತವರಿನಿಂದ ಅವಳೂ ಕೂಸೂ ಭಾನುವಾರ ಬರುತ್ತಿದ್ದರು. ಸಂತೋಷ ಅಂದೆ. ಅವನು ಮುಂದುವರಿಸಿದ.

“ಕೂಸಿನ್ನ ತೊಟ್ಟಿಲಿಗೆ ಹಾಕಾಕೆ ಅಮ್ಮನ ಹಾಡು ಬೇಕಲ್ಲ ಭಾವ. ನಿಮ್ಮತ್ರ ಆ ಸೀಡಿ ಐತಲ್ಲ, ತಗಂಬರ್ರಿ.”

ನಾನು ಹೂಂ ಅಂದೆ. ಫೋನ್ ಇಟ್ಟೆ. ಆಮೇಲೆ ಕುರ್ಚಿ ಎಲ್ಲಿದೆ ಎಂದು ಹಿಂದೆ ಕೈಯಾಡಿಸಿ ಹುಡುಕಿ ಕೂತೆ.

ವಿಷಯ ಏನೆಂದರೆ, ಗಿರಿಜಾಳ ತವರಲ್ಲಿ ಒಂದು ಪದ್ಧತಿ. ಕೂಸು ಆ ಮನೆಯ ತೊಟ್ಟಿಲಲ್ಲಿ ಮೊದಲ ಸಲ ಮಲಗುವಾಗ ಮನೆಯ ಅಜ್ಜಿ ಜೋಗುಳ ಹಾಡಬೇಕು. ಹಾಡದೆ ಯಾವ ಕೂಸೂ ಆ ತೊಟ್ಟಿಲೇರಿಲ್ಲ. ನಮ್ಮತ್ತೆಯ ಜೋಗುಳ ಅವರೇ ಕಟ್ಟಿದ್ದು. ಆದರೆ ಈ ಸಲ ಅತ್ತೆ ಹಾಡುವಂತಿರಲಿಲ್ಲ. ಗಂಟಲಲ್ಲಿ ಸಣ್ಣ ಗಂಟೆದ್ದು ಚಿತ್ರದುರ್ಗದಲ್ಲಿ ಆಪರೇಷನ್ ಆಗಿತ್ತು. ಸದ್ಯಕ್ಕೆ ಮಾತೇ ಆಡಬಾರದು, ಹಾಡಂತೂ ಕನಸಿನಲ್ಲೂ ಬೇಡ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು.

ಅತ್ತೆ ಸುಮ್ಮನಿರುವವರಲ್ಲ. ಚಪ್ಪಾಳೆಯಲ್ಲೇ ಸಂಸಾರ ನಡೆಸತೊಡಗಿದ್ದರು. ಒಂದು ಚಪ್ಪಾಳೆ ಎಂದರೆ ಇಲ್ಲಿ ಬನ್ನಿ. ಎರಡು ಎಂದರೆ ಸಾಕು ನಿಲ್ಲಿಸಿ. ಮೂರು ಬಿದ್ದರೆ ಅರ್ಥ ಕೇಳದೆ ಎಲ್ಲರೂ ಓಡುತ್ತಿದ್ದರು. ಆದರೆ ಒಳಗೊಳಗೆ ಅವರಿಗೊಂದು ಭಯವಿತ್ತೆಂದು ಗಿರಿಜಾ ಹೇಳಿದ್ದಳು. ದನಿ ವಾಪಸು ಬರುತ್ತದೆ ಎಂಬ ಡಾಕ್ಟರ ಮಾತನ್ನು ಅವರು ನಂಬಿರಲಿಲ್ಲ. ಆಪರೇಷನ್ನಿಗೆ ಹೋಗುವ ಬೆಳಿಗ್ಗೆ, ಬರದಿದ್ದರೂ ಹೋಗಲಿ, ಅಳಿಯಂದಿರ ಸೀಡಿಯಲ್ಲಿ ಐತಲ್ಲ ಅಂದಿದ್ದರಂತೆ. ಅದು ಅವರು ಆಡಿದ ಕೊನೆಯ ಮಾತುಗಳಲ್ಲಿ ಒಂದು.

ಆ ಸೀಡಿ ಮಾಡಿದವನು ನಾನೇ. ಚಂದನಾಳನ್ನು ತೊಟ್ಟಿಲಿಗೆ ಹಾಕಿದಾಗ ಅತ್ತೆ ಹಾಡಿದ್ದನ್ನು ಕಂಪ್ಯೂಟರಿಗೆ ಮೈಕ್ ಚುಚ್ಚಿ ರೆಕಾರ್ಡ್ ಮಾಡಿದ್ದೆ. ಎರಡನೇ ನುಡಿಯಾದ ಮೇಲೆ ಅತ್ತೆ ಒಂದು ಸಲ ಕೆಮ್ಮುತ್ತಾರೆ. ಮೂರನೆಯದಕ್ಕೆ ಮುಂಚೆ ಹಿತ್ತಲ ಹುಂಜ ಕೂಗುತ್ತದೆ. ಇವೆರಡನ್ನೂ ಅಳಿಸಲು ನಾನು ಹಗಲೂ ಇರುಳೂ ಕೂತು ಸೋತು, ಕೆಮ್ಮು ಹುಂಜ ಸಮೇತ ಸೀಡಿಗೆ ಇಳಿಸಿದ್ದೆ. ಆ ಕಂಪ್ಯೂಟರ್ ಎಂದೋ ಸತ್ತಿತು. ಉಳಿದದ್ದು ಆ ಒಂದೇ ಸೀಡಿ. ಅದೀಗ ಗಿಣಿ ಕಾಯುತ್ತಿತ್ತು.

ಮೊದಲು ಗುಟ್ಟಾಗಿ ಆಪಿನಲ್ಲಿ ಹುಡುಕಿದೆ. ಜಗತ್ತಿನ ಅಜ್ಜಿಯರೆಲ್ಲ ಅಲ್ಲಿ ಹಾಡುತ್ತಿದ್ದರು. ನಮ್ಮತ್ತೆ ಇರಲಿಲ್ಲ. ಜಗತ್ತಿನ ಹಾಡೆಲ್ಲ ಅಂಗೈಯಲ್ಲಿದೆ ಎಂದಿದ್ದವನಿಗೆ ಅಂಗೈ ಬಹಳ ಚಿಕ್ಕದಾಗಿ ಕಂಡಿತು. ಗಿರಿಜಾ ನನ್ನ ಮುಖ ನೋಡಿಯೇ ವಿಷಯ ಹೊರಗೆಳೆದಳು. ಬೈಯಲಿಲ್ಲ. “ಅಮ್ಮನ ದನಿನ ಬಿಸಿಲಾಗೆ ನೇತಾಕಿದ್ರಲ್ರೀ,” ಅಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶನಿವಾರ ಮಧ್ಯಾಹ್ನ ಊಟ ಮುಗಿಸಿದವನೇ ಸೀಡಿ ಪ್ಲೇಯರನ್ನೂ ಸ್ಪೀಕರನ್ನೂ ಸ್ಕೂಟರಿನ ಮುಂದೆ ಇಟ್ಟುಕೊಂಡು ತೋಟಕ್ಕೆ ಹೊರಟೆ. ಗಿರಿಜಾ, ಚಂದನಾ ಆಗಲೇ ಅತ್ತೆಯ ಮನೆ ಸೇರಿ ಹೋಳಿಗೆಯ ಹೂರಣ ರುಬ್ಬುತ್ತಿದ್ದರು. ಫೋನಿನಲ್ಲಿ ವಿಷಯ ತಿಳಿಸಿದ್ದರಿಂದ ಬಸಣ್ಣ ನನಗಾಗಿ ತೋಟದಲ್ಲಿ ಕಾದಿದ್ದ. ದಾಳಿಂಬೆ ಗಿಡದ ಮುಳ್ಳು ತರಚಬಾರದೆಂದು ತಲೆಯಿಂದ ಬೆನ್ನವರೆಗೆ ಕರಿ ಕಂಬಳಿ ಹೊದ್ದಿದ್ದ. ಆ ಕಂಬಳಿಯನ್ನು ದಯವಿಟ್ಟು ನೆನಪಿಡಿ. ನಾನಂತೂ ಮರೆಯಲಾರೆ.

ಸ್ಕೂಟರ್ ನಿಲ್ಲಿಸಿ ತೋಟದತ್ತ ನೋಡಿದೆ. ಸಾಲುಸಾಲು ಸೀಡಿಗಳು ಒಂದೇ ಸಮನೆ ಮಿನುಗುತ್ತಿದ್ದವು. ಬಿಸಿಲಿಗೆ ಮೇಲಿನ ಬರಹವೆಲ್ಲ ಹಾರಿ, ಯಾವುದು ಯಾವುದೆಂದು ಬರೆದವನಿಗೂ ತಿಳಿಯದ ಹಾಗೆ ಬೆಳ್ಳಗಾಗಿದ್ದವು. ಅತ್ತೆಯ ಹೆಸರನ್ನು ನಾನು ಹಸಿರು ಪೆನ್ನಿನಲ್ಲಿ ದುಂಡಗೆ ಬರೆದಿದ್ದೆ. ಹಸಿರು ಇಡೀ ತೋಟದಲ್ಲಿತ್ತು, ಸೀಡಿಗಳ ಮೇಲೆ ಮಾತ್ರ ಇರಲಿಲ್ಲ.

ನಾನು ಧೃತಿಗೆಡಲಿಲ್ಲ. ಎಲ್ಲ ಬಿಚ್ಚಿ ತಂದು ಒಂದೊಂದಾಗಿ ಹಾಕಿ ಕೇಳುವುದೆಂದು ವೈಜ್ಞಾನಿಕ ನಿರ್ಧಾರ ಕೈಗೊಂಡೆ. ಪಂಪ್‌ಸೆಟ್ ಮನೆಯೊಳಗಿಂದ ವೈರು ಎಳೆದು, ಎದುರಿನ ಕಲ್ಲುಬಂಡೆಯ ಮೇಲೆ ಪ್ಲೇಯರ್ ಪ್ರತಿಷ್ಠಾಪಿಸಿದೆ. ಬಸಣ್ಣ ಬಿಚ್ಚುತ್ತಾ ಬಂದ, ನಾನು ಹಾಕುತ್ತಾ ಹೋದೆ. ಕೆಲವು ತಿರುಗಿದರೂ ಹಾಡಲಿಲ್ಲ. ಕೆಲವು ಒಂದೇ ಪದವನ್ನು ಜಪ ಮಾಡಿದವು. ಭಜನೆಯ ಅರ್ಧ, ಹಾಸ್ಯ ನಾಟಕದ ಕಾಲು, ನಾನೇ ಎಂದೋ ರೆಕಾರ್ಡ್ ಮಾಡಿದ ಶಬ್ದದ ಪಾಠ, ಎಲ್ಲ ಗುಡ್ಡಕ್ಕೆ ತಾಗಿ ನನ್ನೆಡೆಗೇ ವಾಪಸು ಬಂದವು. ನನ್ನ ಪಾಠ ಬಂದಾಗ ಬಸಣ್ಣ ಆಕಳಿಸಿದ.

ಇತ್ತ ಸೀಡಿ ಬಿಚ್ಚಿದ ಸಾಲುಗಳಿಗೆ ಗಿಣಿಗಳು ಇಳಿಯತೊಡಗಿದವು. ಒಂದು ಬಂತು, ನೋಡಿತು, ಹೋಗಿ ಬಳಗವನ್ನೇ ಕರೆತಂತು. ಬಸಣ್ಣನ ಮುಖ ಕಪ್ಪಿಟ್ಟಿತು. ಭಾವನಿಗೆ ಏನೂ ಅನ್ನುವಂತಿಲ್ಲ, ಗಿಣಿಗೆ ಅಂದರೆ ಕೇಳುವುದಿಲ್ಲ. ಪಟಾಕಿ ತರುತ್ತೇನೆಂದು ಗೊಣಗಿ ಅವನು ಊರ ಕಡೆ ನಡೆದದ್ದು ಪ್ಲೇಯರಿನ ಗದ್ದಲದಲ್ಲಿ ನನಗೆ ಗೊತ್ತೇ ಆಗಲಿಲ್ಲ.

ಹೊತ್ತು ಇಳಿಯುತ್ತಿತ್ತು. ಬುಟ್ಟಿಯಲ್ಲಿದ್ದ ಸೀಡಿಗಳೂ ಮುಗಿಯುತ್ತಾ ಬಂದವು. ಉಳಿದವುಗಳಲ್ಲಿ ಒಂದನ್ನು ಪ್ಲೇಯರಿಗೆ ತುರುಕಿ, ಅದು ಕುಯ್ಗುಡುತ್ತಾ ಓದಿಕೊಳ್ಳಲಿ ಎಂದು ತಲೆಯೆತ್ತಿದೆ. ಮುಂದಿನ ಸಾಲಿನಲ್ಲಿ ಕರಿ ಕಂಬಳಿ ಬಗ್ಗಿಕೊಂಡು ಏನೋ ಮಾಡುತ್ತಿತ್ತು.

“ಬಸಣ್ಣ, ಆ ಕೊನೇ ಸಾಲಿಂದೂ ಬಿಚ್ಕಂಬಾರಪ್ಪ,” ಅಂದೆ.

ಉತ್ತರವಿಲ್ಲ. ಗಿಡ ಅಲುಗಿತು.

ಗಿಣಿಗಳ ಮೇಲಿನ ಸಿಟ್ಟನ್ನು ಅವನು ನನ್ನ ಮೇಲೆ ತೀರಿಸುತ್ತಿದ್ದಾನೆ ಎಂದುಕೊಂಡೆ. ದೊಡ್ಡವನಾಗಿ ಸಮಾಧಾನ ಮಾಡುವುದು ನನ್ನ ಧರ್ಮ. ಹತ್ತಿರ ಹೋಗುತ್ತಾ, ನಾಲ್ಕು ಹಣ್ಣು ಹೋದರೆ ಏನಾಯಿತು, ಅವಕ್ಕೂ ಹೊಟ್ಟೆ ಇದೆ, ಪ್ರಕೃತಿಯಲ್ಲಿ ಎಲ್ಲರಿಗೂ ಪಾಲು ಇದೆ ಎಂದು ತಿಳಿಹೇಳಿದೆ. ಬೆನ್ನು ತಟ್ಟಲು ಕೈಯನ್ನೂ ಚಾಚಿದೆ.

ಕಂಬಳಿ ಎದ್ದು ನಿಂತಿತು. ಕಂಬಳಿಗೆ ಮೂತಿ ಇತ್ತು.

ಮೂತಿಯ ತುಂಬ ದಾಳಿಂಬೆಯ ಕೆಂಪು. ಎದೆಯ ಮೇಲೆ ಬಿಳಿಯ ಗೆರೆ. ನಮ್ಮಿಬ್ಬರ ನಡುವೆ ಒಂದು ಗಿಡ ಮಾತ್ರ, ಅದೂ ಈ ವರ್ಷ ನೆಟ್ಟದ್ದು! ಕರಡಿ ಎದುರಾದರೆ ಓಡಬಾರದು, ನಿಧಾನವಾಗಿ ಹಿಂದೆ ಸರಿಯಬೇಕು ಎಂದು ಓದಿದ್ದೆ. ಓದಿದ್ದು ನನಗೆ ನೆನಪಿತ್ತು. ಕಾಲುಗಳು ಓದಿರಲಿಲ್ಲ. ಮುಳ್ಳಿಗೆ ಅಂಗಿ ಬಿಟ್ಟೆ, ಮಣ್ಣಿಗೆ ಚಪ್ಪಲಿ ಬಿಟ್ಟೆ. ಪಂಪ್‌ಸೆಟ್ ಮನೆಗೆ ನುಗ್ಗಿ ಚಿಲಕ ಹಾಕಿಕೊಂಡಾಗಲೇ ನನಗೆ ಗೊತ್ತಾದದ್ದು, ಅಷ್ಟೊತ್ತೂ ಕೂಗುತ್ತಿದ್ದವನು ನಾನೇ ಎಂದು. ಈಗಲೂ ಕಣ್ಣು ಮುಚ್ಚಿದರೆ ಆ ಚಿಲಕ ಕಾಣುತ್ತದೆ. ಕಿರುಬೆರಳಿನಷ್ಟು ದಪ್ಪ, ಒಂದು ಮೊಳೆ ಸಡಿಲ.

ಕರಡಿ ಅಟ್ಟಿಸಿಕೊಂಡು ಬಂತು. ಬಾಗಿಲಿನ ಮೇಲೆ ಒಂದು ಸಲ ಉಗುರಾಡಿಸಿತು. ಆ ಸದ್ದಿನ ಆವರ್ತನ ಎಷ್ಟೆಂದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಅಷ್ಟರಲ್ಲಿ, ಹೊರಗೆ ಬಂಡೆಯ ಮೇಲೆ, ಸೀಡಿ ಓದಿಕೊಂಡು ಮುಗಿಸಿತು.

“ಈಚಲ ಚಾಪೆ ಹಾಸೀನಿ, ಹೊಸ್ತಿಲ ದಾಟಿ ಬಾ ನಿದ್ದವ್ವಾ...”

ಅತ್ತೆ! ಒಂದು ಗೀರಿಲ್ಲದೆ, ಒಂದು ತೊದಲಿಲ್ಲದೆ, ಗುಡ್ಡದ ಬುಡವೆಲ್ಲ ತುಂಬುವ ಹಾಗೆ ಅತ್ತೆ ಹಾಡುತ್ತಿದ್ದರು. ನಾನು ಮೋಟಾರಿನ ಮೇಲೆ ಹತ್ತಿ ಗೋಡೆಯ ಕಿಂಡಿಗೆ ಕಣ್ಣಿಟ್ಟೆ. ಬಾಗಿಲು ಬಿಟ್ಟ ಕರಡಿ ಪ್ಲೇಯರಿನ ಹತ್ತಿರ ಹೋಗಿ ಮೂಸಿತು. ಸ್ಪೀಕರಿನ ಮುಂದೆ ಕಿವಿ ಅಲ್ಲಾಡಿಸಿತು. ಆಮೇಲೆ, ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಮನುಷ್ಯರ ಹಾಗೆ ಕುಂಡೆಯೂರಿ ಕೂತಿತು. ದಣಿದಿತ್ತು, ಅದಕ್ಕೆ ಕೂತಿತು ಎಂದು ಬಸಣ್ಣ ಆಮೇಲೆ ವಾದಿಸಿದ. ಬಸಣ್ಣ ಅಲ್ಲಿರಲಿಲ್ಲ. ನಾನಿದ್ದೆ. ಅದು ಕೇಳಿತು.

ನಾನು ಪ್ಯಾಂಟಿನ ಜೇಬಿನಿಂದ ಫೋನ್ ತೆಗೆದು ಗಿರಿಜಾಳಿಗೆ ಹಚ್ಚಿದೆ. ಅವಳು ಎತ್ತಿದಳು. ಕರಡಿ ಎಂಬ ಮೂರಕ್ಷರ ನನ್ನ ಗಂಟಲಲ್ಲಿ ಮೇಲೇರುತ್ತಿರುವಾಗಲೇ ಅವಳ ಕಿವಿಗೆ ತಾಯಿಯ ದನಿ ಬಿದ್ದಿತ್ತು.

“ಅಯ್ಯೋ, ಅಮ್ಮನ ಹಾಡು. ಸಿಕ್ತಲ್ಲ ಅಂತೂ. ಹುಷಾರಾಗಿ ತಗಂಬರ್ರಿ, ಗೀರು ಬೀಳಿಸ್ಬ್ಯಾಡ್ರಿ,” ಎಂದು ಖುಷಿಯಿಂದ ಫೋನ್ ಇಟ್ಟಳು.

ಎರಡನೇ ನುಡಿ ಮುಗಿಯಿತು. ಅತ್ತೆ ಕೆಮ್ಮಿದರು. ಕರಡಿ ತಲೆ ವಾರೆ ಮಾಡಿತು. ಹುಂಜ ಕೂಗಿತು. ಮೂರನೇ ನುಡಿ ಅರ್ಧಕ್ಕೆ ಬಂದಿತ್ತು, ತೋಟದ ಕರೆಂಟು ಹೋಯಿತು.

ಹಾಡು ನಿಂತದ್ದಕ್ಕೆ ಸಿಟ್ಟಾದ ರಸಿಕರನ್ನು ನಾನು ನೋಡಿದ್ದೇನೆ. ಇಂಥವರನ್ನು ನೋಡಿರಲಿಲ್ಲ. ಕರಡಿ ಸ್ವಲ್ಪ ಹೊತ್ತು ಕಾಯಿತು. ಪ್ಲೇಯರಿನ ಮೇಲೆ ಒಮ್ಮೆ ತಟ್ಟಿತು, ಅದು ಕೈಕೊಟ್ಟಾಗ ಮನೆಯಲ್ಲಿ ನಾನು ತಟ್ಟುವ ಹಾಗೆಯೇ. ನನ್ನ ಪೆಟ್ಟಿಗೆ ಅದು ಸರಿಹೋಗುತ್ತಿತ್ತು. ಕರಡಿಯ ಪೆಟ್ಟಿಗೆ ಹೋಳಾಯಿತು. ಇನ್ನೊಂದು ಪೆಟ್ಟಿಗೆ ಒಳಗಿನದೆಲ್ಲ ಹೊರಗೆ ಬಂತು. ಕೊನೆಯ ಬಿಸಿಲಲ್ಲಿ ಫಳ್ಳೆಂದು ಹೊಳೆದು ಚೂರಾಗಿ ಬಿದ್ದದ್ದು ಏನೆಂದು ನನಗೆ ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ದೂರದಲ್ಲಿ ಗಿಣಿಗಾಗಿ ತಂದ ಪಟಾಕಿ ಸಿಡಿಯಿತು. ಕರಡಿ ಗುಡ್ಡ ಹತ್ತಿತು. ಬಸಣ್ಣನೂ ಅಕ್ಕಪಕ್ಕದ ತೋಟದವರೂ ಬಂದು ಬಾಗಿಲು ಬಡಿದರು. ನಾನು ತೆಗೆಯಲಿಲ್ಲ. ಮೂತಿ ಇಲ್ಲದವರೇ ಎಂದು ಕಿಂಡಿಯಿಂದ ಒಬ್ಬೊಬ್ಬರನ್ನೇ ನೋಡಿ ಖಚಿತಪಡಿಸಿಕೊಂಡ ಮೇಲೆ ತೆಗೆದೆ. ಬಸಣ್ಣ ಕಂಬಳಿ ಹೊದ್ದೇ ಬಂದಿದ್ದ. ಅದನ್ನು ತೆಗೆದು ದೂರ ಎಸೆದರೆ ಮಾತ್ರ ಹೊರಗೆ ಬರುತ್ತೇನೆಂದು ಷರತ್ತು ಹಾಕಿದೆ.

ಮನೆಗೆ ಹೋದಾಗ ಅತ್ತೆ ಪಡಸಾಲೆಯ ಕಂಬಕ್ಕೊರಗಿ ಕೂತಿದ್ದರು. ಹಾಡು ಸಿಕ್ಕಿತು ಎಂದು ಗಿರಿಜಾ ಆಗಲೇ ಹೇಳಿಬಿಟ್ಟಿದ್ದಳು. ಅತ್ತೆ ನನ್ನ ಕಡೆ ಕೈ ಚಾಚಿದರು. ನಾನು ಚೂರುಗಳನ್ನು ಆ ಕೈಯಲ್ಲಿಟ್ಟೆ. ಅವರು ಅವನ್ನು ಮಡಿಲಲ್ಲಿ ಹರಡಿ, ಅಂಚಿಗೆ ಅಂಚು ಕೂಡಿಸಿ ನೋಡಿದರು, ಒಡೆದ ಬಳೆ ಕೂಡಿಸುವ ಹಾಗೆ. ಕೂಡಲಿಲ್ಲ. ಆಮೇಲೆ ನನ್ನ ತೋಳು ಹಿಡಿದು ತಿರುಗಿಸಿ, ತರಚಿದ ಕಡೆಯೆಲ್ಲ ಅರಿಶಿಣ ಹಚ್ಚಿದರು, ಎದ್ದು ಒಳಗೆ ಹೋದರು. ಒಂದು ಚಪ್ಪಾಳೆಯೂ ಬರಲಿಲ್ಲ. ನನಗೆ ಕರಡಿಯೇ ವಾಸಿ ಅನ್ನಿಸಿತು.

ಗಿರಿಜಾ ಕಥೆಯನ್ನೆಲ್ಲ ಕೇಳಿ, ಕಣ್ಣೊರೆಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

“ಅಲ್ರೀ, ಕೈಯಾಗೆ ಫೋನಿತ್ತು, ಮುಂದೆ ಅಮ್ಮ ಹಾಡ್ತಿದ್ಳು. ರೆಕಾರ್ಡ್ ಮಾಡ್ಕಳಾಕೆ ಏನಾಗಿತ್ತು?”

ಸೀಡಿ ಹಳತು, ಮೊಬೈಲ್ ಹೊಸತು ಎಂದು ಊರಿಗೆಲ್ಲ ಸಾರಿದವನಿಗೆ, ಮೊಬೈಲಿನಲ್ಲಿ ಆ ಕೆಂಪು ಗುಂಡಿ ಇದೆ ಎಂಬುದೇ ಹೊಳೆದಿರಲಿಲ್ಲ!

ಮರುದಿನ ಮನೆ ತುಂಬ ಹೆಂಗಸರು. ತೊಟ್ಟಿಲು ಸಿಂಗರಿಸಿದ್ದರು. ಅದಕ್ಕೆ ಕಟ್ಟಿದ ಮರದ ಗಿಣಿಗಳು ನನ್ನನ್ನೇ ನೋಡುತ್ತಿದ್ದವು. ಧರ್ಮಪುರದಿಂದ ಬಂದ ಕೂಸು ಹೊಸ ಮನೆಗೆ ಕಾಲಿಟ್ಟಾಗಿನಿಂದ ಅಳುತ್ತಿತ್ತು, ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಹಾಡಿಲ್ಲದೆ ಹಾಕುವಂತಿಲ್ಲ. ಯಾರ ಹಾಡಾದರೇನು ಎಂದು ಯಾರೋ ಅಂದದ್ದಕ್ಕೆ ಚಂದನಾ ಆಪಿನಲ್ಲಿ ಒಂದು ಒಳ್ಳೆಯ ಜೋಗುಳ ಹುಡುಕಿ ಹಾಕಿದಳು. ವೀಣೆ ನುಡಿಯಿತು. ಎರಡು ಸಾಲು ಆಗಿತ್ತಷ್ಟೇ, ಗಡಸು ಗಂಡಸಿನ ದನಿಯೊಂದು, ನಿಮಗೆ ಮೊಣಕಾಲು ನೋವಿದೆಯೇ ಎಂದು ಕೇಳಿತು.

“ಬಾಳ ಐತೆ ಕಣಪ್ಪ,” ಎಂದು ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಉತ್ತರ ಕೊಟ್ಟಳು.

ಎರಡು ಚಪ್ಪಾಳೆ ಬಿದ್ದವು. ಚಂದನಾ ನಿಲ್ಲಿಸಿದಳು. ಆಮೇಲೆ ಅತ್ತೆ ನನ್ನತ್ತ ತಿರುಗಿ ಒಂದೇ ಚಪ್ಪಾಳೆ ತಟ್ಟಿದರು. ತೊಟ್ಟಿಲ ಪಕ್ಕ ಬೆರಳು ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಅರ್ಥವಾಗಬಾರದು ಎಂದು ಪ್ರಾರ್ಥಿಸುತ್ತಿದ್ದೆ ಎನ್ನುವುದು ಹೆಚ್ಚು ಸರಿ.

“ನೀವೇ ಹಾಡ್ಬೇಕಂತೆ,” ಗಿರಿಜಾ ಅಂದಳು. “ಆ ಹಾಡು ಪೂರಾ ಬಾಯಿಪಾಠ ಇರೋದು ನಿಮಗೊಬ್ಬರಿಗೇ. ಕುಂತ್ಕಳ್ರಿ.”

ನಿಜವೇ. ಕೆಮ್ಮು ಅಳಿಸಲು ಹೋಗಿ ಅದನ್ನು ಅಷ್ಟು ಸಲ ಕೇಳಿದ್ದೆ. ನಾನು ಬಚ್ಚಲಲ್ಲೂ ಹಾಡಿದವನಲ್ಲ, ಗಂಡಸರು ಜೋಗುಳ ಹಾಡುವುದು ಈ ಮನೆಯ ಪದ್ಧತಿಯಲ್ಲ, ನಿನ್ನೆಯಿಂದ ಗಂಟಲು ಕೂಗಿ ಕೂಗಿ ಒಡೆದಿದೆ ಎಂದು ಮೂರು ಆಕ್ಷೇಪಣೆ ಸಲ್ಲಿಸಿದೆ. ಮೂರನ್ನೂ ಅತ್ತೆ ಎರಡು ಚಪ್ಪಾಳೆಯಲ್ಲಿ ವಜಾ ಮಾಡಿದರು.

ಕಣ್ಣು ಮುಚ್ಚಿ ಶುರು ಮಾಡಿದೆ. ಮುಚ್ಚಿದರೆ ಕರಡಿ ಕಂಡಿತು, ತೆರೆದೆ. ಈಚಲ ಚಾಪೆ ಹಾಸಿದೆ, ನಿದ್ದವ್ವನನ್ನು ಕರೆದೆ. ಎರಡನೇ ನುಡಿ ಮುಗಿಯಿತು. ಮುಂದಿನದು ಬರಲಿಲ್ಲ. ತಡಕಾಡಿದೆ, ಏನೂ ಸಿಗಲಿಲ್ಲ. ಆಗ ಹೊಳೆಯಿತು. ಕೆಮ್ಮಿದೆ. ಅತ್ತೆ ಕೆಮ್ಮಿದಷ್ಟೇ, ಅದೇ ಎಳೆತದಲ್ಲಿ. ಅಷ್ಟಾದರೂ ಮೂರನೆಯದು ಹೊರಡಲಿಲ್ಲ. ಬೇರೆ ದಾರಿ ಇರಲಿಲ್ಲ. ತುಂಬಿದ ಸಭೆಯಲ್ಲಿ, ಡಬಲ್ ಡಿಗ್ರಿ ಪಡೆದ ಉಪನ್ಯಾಸಕನಾದ ನಾನು, ಕತ್ತು ಮೇಲೆತ್ತಿ ಹುಂಜದ ಹಾಗೆ ಕೂಗಿದೆ.

ಮೂರನೇ ನುಡಿ ತಾನಾಗಿ ಬಂತು!

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ಅತ್ತೆಯ ಭುಜ ಕುಲುಕುತ್ತಿತ್ತು. ನಗಬಾರದೆಂದು ಡಾಕ್ಟರು ಹೇಳಿರಲಿಲ್ಲ, ಸದ್ದು ಮಾಡಬಾರದೆಂದು ಹೇಳಿದ್ದರು. ಅವರು ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕೂಸು ಮಾತ್ರ ಅಳು ನಿಲ್ಲಿಸಿ ನನ್ನನ್ನು ದಿಟ್ಟಿಸಿತು. ಕೊನೆಯ ಸಾಲಿಗೆ ಅದರ ರೆಪ್ಪೆಗಳು ಕೂಡಿದವು. ಬಸಣ್ಣ ಉಸಿರು ಬಿಗಿಹಿಡಿದು ತೊಟ್ಟಿಲಿಗೆ ಹಾಕಿದ. ಮಲಗಿತು. ನನ್ನ ಜೀವನದಲ್ಲಿ ನಾನು ಹೊಂದಿದ ಏಕೈಕ ಸಂಗೀತ ಯಶಸ್ಸು ಇದು, ಸಾಕ್ಷಿಗಳಿದ್ದಾರೆ.

ಯಶಸ್ಸಿನ ಶಿಕ್ಷೆ ಅಂದಿನಿಂದಲೇ ಶುರುವಾಯಿತು. ಕೂಸು ಬೇರೆ ಯಾವುದಕ್ಕೂ ಮಲಗಲೊಲ್ಲದು. ದಿನ ರಾತ್ರಿ ನಮ್ಮ ಊಟದ ಹೊತ್ತಿಗೆ ಸರಿಯಾಗಿ ಬಸಣ್ಣನ ಫೋನು. ಅವನು ಮೊಬೈಲನ್ನು ತೊಟ್ಟಿಲಿಗೆ ನೇತುಹಾಕುವುದು, ನಾನು ಮುದ್ದೆ ಕೈಯಲ್ಲೇ ಹಾಡುವುದು, ಕೆಮ್ಮುವುದು, ಕೂಗುವುದು. ಸಿಗ್ನಲ್ ಹೋದರೆ ಮೊದಲಿಂದ. ರೆಕಾರ್ಡ್ ಮಾಡಿ ಕಳಿಸಿದೆ, ಕೂಸು ಒಪ್ಪಲಿಲ್ಲವಂತೆ. ಸೀಡಿಯೋ ಸ್ಟ್ರೀಮಿಂಗೋ ಎಂದು ಚರ್ಚಿಸಿದವನು ಕೊನೆಗೆ ನಾನೇ ಸ್ಟ್ರೀಮಿಂಗ್ ಆದೆ, ಅದೂ ಒಬ್ಬಳೇ ಚಂದಾದಾರಳು! ಪಕ್ಕದ ಮನೆಯವರು, ನೀವು ಕೋಳಿ ಸಾಕಿದ್ದೀರಾ ಎಂದು ಗಿರಿಜಾಳನ್ನು ಕೇಳಿದರು. ಅವಳು ಹೌದು, ಒಂದೇ ಒಂದು ಇದೆ ಅಂದಳಂತೆ.

ಹಾಡಿ ಮುಗಿಸಿ ಮಲಗಿದರೆ ನನಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಚಿಲಕ, ಸಡಿಲ ಮೊಳೆ, ಬಾಗಿಲ ಮೇಲಿನ ಉಗುರು. ಹೊದ್ದ ರಗ್ಗಿನ ಬಣ್ಣ ಕಪ್ಪಾಗಿದ್ದರಿಂದ ಅದನ್ನು ಬೀರುವಿಗೆ ಸೇರಿಸಿ ಬಿಳಿ ಪಂಚೆ ಹೊದೆಯತೊಡಗಿದೆ. ಕೂಸನ್ನು ಮಲಗಿಸುವವನು ಎದ್ದು ಕೂತಿರುತ್ತಿದ್ದ.

ಹೀಗೇ ಮಳೆಗಾಲ ಬಂತು. ಒಂದು ರಾತ್ರಿ ಊಟದ ಹೊತ್ತು ಮೀರಿದರೂ ಫೋನ್ ಬರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಕಾದೆ. ಮುದ್ದೆ ಆರಿತು. ತಡೆಯಲಾರದೆ ನಾನೇ ಹಚ್ಚಿದೆ. ಯಾರೋ ಎತ್ತಿದರು. ಒಡಕು ದನಿ, ಪಿಸುಮಾತಿಗಿಂತ ಸ್ವಲ್ಪ ಮೇಲೆ, ಅಂಚೆಲ್ಲ ಸವೆದಿತ್ತು. ಆದರೂ ಗುರುತು ಸಿಕ್ಕಿತು.

“ಅಳಿಯಂದ್ರೆ, ಇವತ್ತು ದುರ್ಗಕ್ಕೆ ಹೋಗಿದ್ವಿ. ಡಾಕ್ಟ್ರು ಹಾಡ್ರಿ ಅಂದ್ರು. ಕೂಸಿಗೆ ನಾನೇ ಹಾಡ್ದೆ, ಮಲಗೈತೆ.”

ಅತ್ತೆಯ ದನಿ ಎಂದು ಸನ್ನೆ ಮಾಡಿದೆ. ಗಿರಿಜಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಅಮ್ಮಾ ಎಂದು ಅಳುತ್ತಾ ನಗುತ್ತಾ ಏನೇನೋ ಕೇಳಿದಳು. ಸಮಾಧಾನವಾದ ಮೇಲೆ ನಾನು ಮತ್ತೆ ಫೋನ್ ತೆಗೆದುಕೊಂಡು, ಸ್ವಲ್ಪ ಬಿಗುಮಾನದಿಂದಲೇ, ಇಷ್ಟು ದಿನ ನನ್ನ ಹಾಡಿಗೆ ಒಗ್ಗಿದ್ದ ಕೂಸು ನಿಮ್ಮದಕ್ಕೆ ಹಟ ಮಾಡಲಿಲ್ಲವೇ ಎಂದು ವಿಚಾರಿಸಿದೆ.

ಆ ಕಡೆ ಅತ್ತೆ ನಕ್ಕರು. ಈ ಸಲ ಸದ್ದಿತ್ತು.

“ನಂದು ಪೂರಾ ಕೇಳಿ, ಆಮೇಲೆ ನಿಧಾನಕ್ಕೆ ಮಲಗ್ತು. ನಿಮ್ದು ಶುರುವಾದ್ರೆ ಯಾವಾಗ ನಿಲ್ಲಿಸ್ತೀರೋ ಅಂತ ಬೇಗ ಕಣ್ಣು ಮುಚ್ತಿತ್ತು. ಬಾಳ ಜಾಣೆ ಅದು.”

ಅವಮಾನವಾಗಬೇಕಿತ್ತು. ಅದಕ್ಕೆ ಕಾಯುತ್ತಾ ಮಲಗಿದೆ. ಬರಲಿಲ್ಲ. ಕರಡಿಯೂ ಬರಲಿಲ್ಲ. ಕಣ್ಣು ಬಿಟ್ಟಾಗ ಬೆಳಗಾಗಿತ್ತು, ಕಾಲೇಜಿಗೆ ಹೊತ್ತಾಗಿತ್ತು, ಗಿರಿಜಾ ಎಬ್ಬಿಸಿ ಎಬ್ಬಿಸಿ ಸಾಕಾಗಿ ಅಡುಗೆಮನೆಗೆ ಹೋಗಿದ್ದಳು.